ಹೋಂಸ್ಟೇ ಅಂಗಳದಲ್ಲಿ ಹಾಡು ಹಾಕಿದ್ದಕ್ಕೆ ನೋಟಿಸ್ ಬಂದಿದೆ, ದುಡ್ಡು ಕಟ್ಟಬೇಕಾ?

ಕೈಮರದ ಕಾಫಿಗಿಡ
ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಗಿರಿಗೆ ಹೋಗೋ ದಾರಿಯಲ್ಲಿ, ಕೈಮರ ದಾಟಿ ತೋಟದ ಒಳಗೆ ನಮ್ಮದೊಂದು ಹೋಂಸ್ಟೇ ಇದೆ. ನಾಲ್ಕೇ ರೂಮು. ಅಡುಗೆ ನಾನು ಮತ್ತು ನಮ್ಮ ಅತ್ತೆ, ಲೆಕ್ಕಪತ್ರ ಯಜಮಾನರದ್ದು. ಶನಿವಾರ ರಾತ್ರಿ ಅಂಗಳದಲ್ಲಿ ಬೆಂಕಿ ಹಾಕ್ತೀವಿ. ಬಂದವರು ನಮ್ಮ ಬ್ಲೂಟೂತ್ ಬಾಕ್ಸಿಗೆ ಅವರ ಫೋನ್ ಸೇರಿಸಿ ಹಾಡು ಹಾಕ್ಕೊಂಡು ಕುಣೀತಾರೆ. ಹತ್ತು ಗಂಟೆಗೆ ಬಂದ್.

ಹೋದ ವಾರ ಒಂದು ಇಮೇಲ್ ಬಂತು, ಮೂರು ಪುಟ. ಇಂಥ ತಾರೀಕು ರಾತ್ರಿ 8:40ರಿಂದ 9:25ರವರೆಗೆ ನಮ್ಮ ಪ್ರತಿನಿಧಿ ನಿಮ್ಮ "ರೆಸಾರ್ಟ್"ನಲ್ಲಿ ಹಾಜರಿದ್ದರು, ನಮ್ಮ ಹಕ್ಕಿನ 9 ಹಾಡುಗಳನ್ನು ಪರವಾನಗಿ ಇಲ್ಲದೆ ಹಾಕಿದ್ದೀರಿ ಅಂತ. ಯಾವ ಹಾಡು ಎಷ್ಟು ನಿಮಿಷ ಅಂತ ಪಟ್ಟಿ ಸಮೇತ. ರಿಜಿಸ್ಟರ್ ತೆಗೆದು ನೋಡಿದ್ರೆ ಅವತ್ತು ಇದ್ದದ್ದು ಎರಡು ರೂಮಿನವರು. ಒಬ್ಬರು ಒಂಟಿಯಾಗಿ ಬಂದಿದ್ದರು, ಪಾಪ ಅಂತ ಅತ್ತೆ ಎರಡೆರಡು ಸಲ ಕಡುಬು ಬಡಿಸಿದ್ದರು. ಅವರೇ ಇರಬೇಕು. ಅತ್ತೆಗೆ ದುಡ್ಡಿಗಿಂತ ಆ ಕಡುಬಿನ ಸಂಕಟ ಜಾಸ್ತಿ.

ವರ್ಷಕ್ಕೆ 38 ಸಾವಿರ ಚಿಲ್ಲರೆ, ಮೇಲೆ ಜಿಎಸ್‌ಟಿ, 7 ದಿನ ಗಡುವು. ನಿನ್ನೆ ಒಬ್ಬರು ಫೋನ್ ಮಾಡಿ "ಮೇಡಂ, ಎಫ್‌ಐಆರ್ ಆದ್ರೆ ಸ್ಟೇಷನ್ನಿಗೆ ಅಲೀಬೇಕಾಗುತ್ತೆ. ಇವತ್ತೇ ಕಟ್ಟಿದ್ರೆ ಸ್ವಲ್ಪ ಕಡಿಮೆ ಮಾಡಿಸ್ತೀನಿ" ಅಂದ್ರು. ಕಡಿಮೆ ಮಾಡಿಸ್ತೀನಿ ಅಂದ ಕೂಡಲೇ ನನಗೆ ಅನುಮಾನ ಶುರುವಾಯ್ತು. ಗೊತ್ತಿದ್ದವರು ಹೇಳಿ.

ಬೂವನಹಳ್ಳಿ ಬುಲೆಟ್
ಭಾನುವಾರ, ರಾತ್ರಿ 10:02

ಅಕ್ಕ, ಒಂದ್ರೂಪಾಯಿ ಕಟ್ಬೇಡಿ. ಪಕ್ಕಾ ಫ್ರಾಡು. ನಂಬರ್ ಬ್ಲಾಕ್ ಮಾಡಿ ಮಲ್ಕೊಳ್ಳಿ. ಹಾಡು ಹಾಕಿದ್ದು ನೀವಲ್ಲ, ಗೆಸ್ಟು. ಆ ಗೆಸ್ಟು ಆಗ್ಲೇ ತಿಂಗಳಿಗಿಷ್ಟು ಅಂತ ಪ್ರೀಮಿಯಂ ಕಟ್ಟಿರ್ತಾನೆ. ಒಂದು ಹಾಡಿಗೆ ಎಷ್ಟು ಸಲ ದುಡ್ಡು ಕೊಡೋದು?

ಘಾಟಿ ಸೌಂಡು
ಭಾನುವಾರ, ರಾತ್ರಿ 10:15

ಸಕಲೇಶಪುರ ಕಡೆ ಡಿಜೆ ನಾನು. ಫ್ರಾಡಲ್ಲ ಬುಲೆಟ್ಟಣ್ಣ. ಹೋದ ವರ್ಷ ಡಿಸೆಂಬರ್ 31ಕ್ಕೆ ಒಂದು ರೆಸಾರ್ಟಿನಲ್ಲಿ ಬಾಕ್ಸ್ ಕಟ್ಟಿ, ಲೈನ್ ಎಳೆದು, ಚೆಕಿಂಗ್ ಎಲ್ಲಾ ಮುಗಿಸಿದ್ದೆ. ಸಂಜೆ ಐದಕ್ಕೆ ಮಾಲೀಕರು ಓಡಿ ಬಂದ್ರು. ಕೋರ್ಟ್ ಆರ್ಡರ್ ಬಂದಿದೆ, ಇಂಥಿಂಥ ಕಂಪನಿಗಳ ಹಾಡು ಹಾಕೋ ಹಾಗಿಲ್ಲ ಅಂತ. ನನ್ನ ಪೆಂಡ್ರೈವಲ್ಲಿ ಆ ಕಂಪನಿಗಳದ್ದು ಬಿಟ್ಟರೆ ಉಳಿದದ್ದು ಅಯ್ಯಪ್ಪನ ಭಜನೆ. ಪೊಲೀಸ್ ಪರ್ಮಿಷನ್ ಇದೆ ಅಂತ ಚೀಟಿ ತೋರಿಸ್ದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ರು.

ಕರಿಕೋಟು, ಹಾಸನ
ಭಾನುವಾರ, ರಾತ್ರಿ 10:48

ಹೌದು, ಸಂಬಂಧ ಇಲ್ಲ. ಪೊಲೀಸರು ಕೊಡೋದು ಮೈಕ್ ಪರ್ಮಿಷನ್. ಅದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಕೆಳಗೆ ಬರುತ್ತೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅನ್ನೋದೂ ಅಲ್ಲಿಂದಲೇ. ಎಷ್ಟು ಜೋರಾಗಿ ಹಾಕ್ತೀರಿ ಅನ್ನೋದು ಅವರ ಚಿಂತೆ, ಯಾರ ಹಾಡು ಹಾಕ್ತೀರಿ ಅನ್ನೋದಲ್ಲ.

ಮೇಡಂ, ನಿಮ್ಮ ವಿಷಯಕ್ಕೆ ಬರ್ತೀನಿ. ಸ್ವಲ್ಪ ಉದ್ದ ಆಗುತ್ತೆ.

ನಾವು ಒಂದು ಹಾಡು ಅಂತೀವಲ್ಲ, ಕಾನೂನಿನ ಲೆಕ್ಕದಲ್ಲಿ ಅದು ಮೂರು ಆಸ್ತಿ. ಸಾಹಿತ್ಯ ಒಂದು, ರಾಗಸಂಯೋಜನೆ ಒಂದು, ಸ್ಟುಡಿಯೋದಲ್ಲಿ ಹಾಡಿಸಿ ಹಿಡಿದಿಟ್ಟ ಧ್ವನಿಮುದ್ರಣ ಇನ್ನೊಂದು. ಒಂದೇ ಸರ್ವೆ ನಂಬರಿನಲ್ಲಿ ಮೂರು ಜನರ ಖಾತೆ ಇದ್ದ ಹಾಗೆ. ನಮ್ಮ ಜಿಲ್ಲೆಗಳ ಕಡೆಯದ್ದೇ ಉದಾಹರಣೆ: ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತೀರಿಕೊಂಡಿದ್ದು 1994ರಲ್ಲಿ. ಬರೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತೆ. ಹಾಗಾಗಿ ಅವರ ಕವಿತೆಯ ಸಾಲುಗಳ ಹಕ್ಕು 2054ರ ಕೊನೆಯವರೆಗೆ ನಡೆಯುತ್ತೆ. ಬೇಂದ್ರೆಯವರದ್ದು 1981ಕ್ಕೆ 60 ಸೇರಿಸಿ 2041ರವರೆಗೆ. ಆ ಕವಿತೆಗೆ ಯಾರೋ ರಾಗ ಹಾಕಿದ್ದರೆ ಅವರ ಲೆಕ್ಕ ಬೇರೆ. ಕ್ಯಾಸೆಟ್ ಮಾಡಿದ ಕಂಪನಿಯ ಲೆಕ್ಕ ಮತ್ತೂ ಬೇರೆ, ಅದು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಪುರಂದರದಾಸರ ಕೀರ್ತನೆಗೆ ಯಾರಿಗೂ ಕೊಡಬೇಕಾಗಿಲ್ಲ. ಆದ್ರೆ ಹತ್ತು ವರ್ಷದ ಹಿಂದೆ ಒಬ್ಬರು ಅದನ್ನ ಹಾಡಿ ಬಿಡುಗಡೆ ಮಾಡಿದ ಧ್ವನಿಮುದ್ರಣ ಪುರಂದರದಾಸರದ್ದಲ್ಲ.

ಬುಲೆಟ್ ಅವರೇ, ಪ್ರೀಮಿಯಂ ವಿಷಯ. ಮನೆ ಸಿಲಿಂಡರ್ ತಂದು ಹೋಟೆಲ್ ಒಲೆಗೆ ಹಚ್ಚಿದ್ರೆ ಫುಡ್ ಇನ್ಸ್‌ಪೆಕ್ಟರ್ ಬಿಡ್ತಾರಾ? ದುಡ್ಡು ಕೊಟ್ಟೇ ತಂದಿದ್ದೀನಿ ಅಂದ್ರೆ ಕೇಳ್ತಾರಾ? ಯೂಟ್ಯೂಬ್, ಸ್ಪಾಟಿಫೈ ಎರಡರ ಷರತ್ತಿನಲ್ಲೂ ವೈಯಕ್ತಿಕ, ವಾಣಿಜ್ಯೇತರ ಬಳಕೆಗೆ ಮಾತ್ರ ಅಂತಿದೆ. ಇಯರ್‌ಫೋನ್ ಹಾಕ್ಕೊಂಡು ಕೇಳಿದ್ರೆ ಮನೆ ಸಿಲಿಂಡರು. ಗಿರಾಕಿಗಳಿಗೆ ಕೇಳಿಸಿದ್ರೆ ಕಮರ್ಷಿಯಲ್ಲು.

"ಹಾಕಿದ್ದು ಗೆಸ್ಟು" ಅನ್ನೋದು ಅರ್ಧ ಸರಿ. 1957ರ ಕಾಪಿರೈಟ್ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಲಾಭಕ್ಕಾಗಿ ಜಾಗ ಬಿಟ್ಟುಕೊಟ್ಟವರೂ ಉಲ್ಲಂಘನೆಗೆ ಬಾಧ್ಯರು, ಅದು ಉಲ್ಲಂಘನೆ ಅಂತ ಗೊತ್ತಿರಲಿಲ್ಲ, ಗೊತ್ತಾಗೋಕೆ ಕಾರಣವೂ ಇರಲಿಲ್ಲ ಅಂತ ತೋರಿಸಿದ್ರೆ ಬಚಾವು. ಇಮೇಲ್ ಬರೋವರೆಗೆ ನೀವು ಹಾಗೆ ಹೇಳಬಹುದಿತ್ತೇನೋ. ಇವತ್ತಿನಿಂದ ಹೇಳೋಕಾಗಲ್ಲ. ಆ ಮೂರು ಪುಟದ ನಿಜವಾದ ಕೆಲಸ ಅದೇ. ಅದಕ್ಕೇ ಬ್ಲಾಕ್ ಮಾಡಿ ಮಲ್ಕೊಳ್ಳಿ ಅನ್ನೋ ಸಲಹೆ ಅಪಾಯ.

ಕೈಮರದ ಕಾಫಿಗಿಡ
ಭಾನುವಾರ, ರಾತ್ರಿ 11:10

ಸರ್, ಹೋಂಸ್ಟೇ ಅಂದ್ರೆ ಮನೆ ಅಲ್ವಾ? ನಾವು ಅದೇ ಮನೇಲಿ ವಾಸ ಇದೀವಿ. ನನ್ನ ಮಗಳು ಪಕ್ಕದ ಕೋಣೇಲಿ ಓದ್ಕೊಂಡಿರ್ತಾಳೆ.

ಕರಿಕೋಟು, ಹಾಸನ
ಭಾನುವಾರ, ರಾತ್ರಿ 11:21

ವಾದ ಮಾಡಬಹುದು, ಗಟ್ಟಿ ವಾದ ಅಲ್ಲ. ವಸತಿ ಕಟ್ಟಡದ ನಿವಾಸಿಗಳ ಸಾಮಾನ್ಯ ಕೋಣೆಯಲ್ಲಿ ಹಾಡು ಕೇಳಿಸೋದಕ್ಕೆ 52ನೇ ಸೆಕ್ಷನ್ ವಿನಾಯಿತಿ ಕೊಟ್ಟಿದೆ. ಅಪಾರ್ಟ್‌ಮೆಂಟಿನ ಹಾಲ್ ಅಂತ ಇಟ್ಕೊಳ್ಳಿ. ಅದೇ ಸಾಲಿನಲ್ಲಿ "ಹೋಟೆಲ್ ಅಥವಾ ಅಂಥ ವಾಣಿಜ್ಯ ಸ್ಥಳ ಹೊರತು" ಅಂತಲೂ ಬರೆದಿದೆ. ಲಾಭಕ್ಕಲ್ಲದ ಕ್ಲಬ್ಬುಗಳಿಗೆ ಬಿಟ್ಟಿದ್ದಾರೆ. ತಲೆಗೆ ಇಷ್ಟು, ಊಟ ಸೇರಿ ಅಂತ ತಗೊಳ್ಳೋ ಜಾಗವನ್ನ ಮನೆ ಅಂತ ಜಡ್ಜ್ ಮುಂದೆ ಹೇಳೋಕೆ ನನಗೆ ಸಂಕೋಚ ಆಗುತ್ತೆ. ಇನ್ನೊಂದು ಗಮನಿಸಿ: "ಸಾರ್ವಜನಿಕರಿಗೆ ತಲುಪಿಸುವುದು" ಅನ್ನೋದರ ವಿವರಣೆಯಲ್ಲಿ ಕೇಬಲ್ಲು, ಉಪಗ್ರಹದ ಮೂಲಕ ಹೋಟೆಲ್ ರೂಮುಗಳಿಗೆ ತಲುಪಿಸೋದನ್ನೂ ಸೇರಿಸಿದ್ದಾರೆ. ಬಾಗಿಲು ಹಾಕ್ಕೊಂಡ ರೂಮು ಖಾಸಗಿ ಅಂತ ನಾವು ಅಂದ್ಕೋತೀವಿ, ಕಾಯ್ದೆ ಹಾಗೆ ಅಂದ್ಕೊಳ್ಳಲ್ಲ.

ಛತ್ರದ ಮ್ಯಾನೇಜರು
ಸೋಮವಾರ, ಬೆಳಿಗ್ಗೆ 7:05

ಸ್ವಾಮಿ, ನಾನು ಚನ್ನರಾಯಪಟ್ಟಣದಲ್ಲಿ ಒಂದು ಕಲ್ಯಾಣ ಮಂಟಪ ನೋಡ್ಕೋತೀನಿ. ನಮಗೂ ಇಂಥ ಕಾಗದ ವರ್ಷಕ್ಕೆರಡು ಬರ್ತವೆ. ಮದುವೆಗೆ ಲೈಸೆನ್ಸ್ ಬೇಡ ಅಂತಾರೆ ಒಬ್ಬರು, ರಿಸೆಪ್ಷನ್ನಿಗೆ ಬೇಕು ಅಂತಾರೆ ಇನ್ನೊಬ್ಬರು. ಹೆಣ್ಣಿನ ಕಡೆಯವರು ಬಂದು ನನ್ನ ಕೇಳಿದ್ರೆ ನಾನೇನು ಹೇಳಲಿ?

ಕರಿಕೋಟು, ಹಾಸನ
ಸೋಮವಾರ, ಬೆಳಿಗ್ಗೆ 9:30

ಕೋರ್ಟಿಗೆ ಹೊರಟಿದ್ದೀನಿ, ಚುಟುಕಾಗಿ. 52ನೇ ಸೆಕ್ಷನ್ನಿನ ಝಡ್‌ಎ ಕಲಂ: ನಿಜವಾದ ಧಾರ್ಮಿಕ ವಿಧಿ, ಕೇಂದ್ರ ಅಥವಾ ರಾಜ್ಯ ಸರ್ಕಾರ ಇಲ್ಲವೇ ಸ್ಥಳೀಯ ಸಂಸ್ಥೆ ನಡೆಸುವ ಅಧಿಕೃತ ಸಮಾರಂಭ, ಇವುಗಳಲ್ಲಿ ಹಾಡು ಹಾಡಿದ್ರೂ ಹಾಕಿದ್ರೂ ಉಲ್ಲಂಘನೆ ಅಲ್ಲ. ಅದರ ವಿವರಣೆಯಲ್ಲಿ ಮದುವೆ ಮೆರವಣಿಗೆ ಮತ್ತು "ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮ" ಕೂಡ ಸೇರಿವೆ. 2023ರ ಜುಲೈ 24ರಂದು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ, ಮದುವೆ ಸಂಭ್ರಮಗಳಿಗೆ ದುಡ್ಡು ಕೇಳಬೇಡಿ ಅನ್ನೋ ಅರ್ಥದಲ್ಲಿ ಸಾರ್ವಜನಿಕ ಸೂಚನೆ ಹೊರಡಿಸಿತು. ಅದನ್ನ ಪ್ರಿಂಟ್ ತೆಗೆದು ಆಫೀಸಿನಲ್ಲಿ ಇಟ್ಕೊಳ್ಳಿ.

ಆದ್ರೆ ಅದನ್ನೇ ಹಿಡ್ಕೊಂಡು ಮೀಸೆ ತಿರುವಬೇಡಿ. ಗೋವಾ ಸರ್ಕಾರ 2024ರಲ್ಲಿ ಇದೇ ಧಾಟಿಯ ಸುತ್ತೋಲೆ ಹೊರಡಿಸಿದಾಗ ಬಾಂಬೆ ಹೈಕೋರ್ಟಿನ ಗೋವಾ ಪೀಠ ಅದನ್ನ ರದ್ದು ಮಾಡಿತು. ಕಾಯ್ದೆಯಲ್ಲಿ ಇರೋದು ಕಾಯ್ದೆಯಲ್ಲಿದೆ, ಸುತ್ತೋಲೆಯಿಂದ ಅದನ್ನ ಹಿಗ್ಗಿಸೋಕಾಗಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ ಚಪ್ಪರ, ಅರಿಶಿನ, ಮುಹೂರ್ತ, ರಿಸೆಪ್ಷನ್ ಎಲ್ಲಾ ಒಳಗೆ. ಅದೇ ಮಂಟಪದಲ್ಲಿ ಚೀಟಿ ಕಂಪನಿಯ ವಾರ್ಷಿಕೋತ್ಸವ, ಬರ್ತ್‌ಡೇ ಪಾರ್ಟಿ, ಗೊಬ್ಬರದವರ ಡೀಲರ್ ಮೀಟು ಹೊರಗೆ.

ಕೀಬೋರ್ಡು ಅರಸೀಕೆರೆ
ಸೋಮವಾರ, ಬೆಳಿಗ್ಗೆ 11:14

ನಾನು ಇಪ್ಪತ್ತೆರಡು ವರ್ಷದಿಂದ ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸ್ತಾ ಇದೀನಿ. ಗಣಪತಿ ಹಬ್ಬದಲ್ಲಿ ತಿಂಗಳಿಗೆ 25 ಪ್ರೋಗ್ರಾಂ ಇರ್ತವೆ, ಆಷಾಢದಲ್ಲಿ ಮನೇಲಿ ಹೆಂಡತಿ ಬೈಗುಳ. ನಾವು ಕಂಪನಿ ಹಾಡು ಹಾಕಲ್ಲ, ನಾವೇ ಹಾಡ್ತೀವಿ. ನಮಗೂ ಇದು ಅನ್ವಯ ಆಗುತ್ತಾ? ಗಣಪತಿ ಕೂರಿಸಿದ ಕಮಿಟಿ ಹುಡುಗರು ಕೇಳ್ತಾ ಇದಾರೆ.

ಪಲ್ಲವಿ ಚರಣ, ಬೇಲೂರು
ಸೋಮವಾರ, ಮಧ್ಯಾಹ್ನ 1:40

ಇದಕ್ಕೆ ನಾನು ಉತ್ತರ ಕೊಡ್ತೀನಿ. ಯಾಕಂದ್ರೆ ನಿಮ್ಮ ತಂಡ ಹಾಡೋ ಹಾಡುಗಳಲ್ಲಿ ಒಂದೆರಡು ನಾನು ಬರೆದದ್ದು ಇರಬಹುದು. ಹೆಸರು ಹೇಳಲ್ಲ, ಅಷ್ಟು ದೊಡ್ಡ ಹೆಸರೂ ಅಲ್ಲ.

ನೀವೇ ಹಾಡಿದಾಗ ಧ್ವನಿಮುದ್ರಣದ ಕಂಪನಿಗೆ ಕೆಲಸ ಇಲ್ಲ. ಸಾಹಿತ್ಯ ಮತ್ತು ರಾಗ ಮಾತ್ರ ಬಳಸಿದ್ದೀರಿ. ಅದರ ದುಡ್ಡು ವಸೂಲಿ ಮಾಡೋದು ಐಪಿಆರ್‌ಎಸ್, ಅಂದ್ರೆ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ. 1969ರಿಂದ ಇದೆ, ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ 2017ರಲ್ಲಿ ಮತ್ತೆ ನೋಂದಣಿ ಆಯ್ತು. ಸಾಮಾನ್ಯವಾಗಿ ಆ ಲೈಸೆನ್ಸ್ ತಗೋಬೇಕಾದವರು ಪ್ರೋಗ್ರಾಂ ಇಟ್ಟವರು, ಹಾಡಿದವರಲ್ಲ. ಆದ್ರೆ ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಂಡದಲ್ಲಿ ತಬಲಾ, ಕೊಳಲು, ಪ್ಯಾಡ್ ಎಲ್ಲಾ ಜನ ನುಡಿಸ್ತಾರಾ, ಇಲ್ಲಾ ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಬಿಡ್ತೀರಾ?

ಕೀಬೋರ್ಡು ಅರಸೀಕೆರೆ
ಸೋಮವಾರ, ಮಧ್ಯಾಹ್ನ 2:03

ಸಿಕ್ಕಿಬಿದ್ದೆ ಮೇಡಂ. ಎಂಟು ಜನ ಇದ್ವಿ. ಕೊರೋನಾ ಆದ್ಮೇಲೆ ಮೂರು ಜನ, ಉಳಿದದ್ದು ಟ್ರ್ಯಾಕು. ಕಮಿಟಿಯವರು ಎಂಟು ಜನಕ್ಕೆ ದುಡ್ಡು ಕೊಡಲ್ಲ.

ಪಲ್ಲವಿ ಚರಣ, ಬೇಲೂರು
ಸೋಮವಾರ, ಮಧ್ಯಾಹ್ನ 2:20

ಅಲ್ಲಿಗೆ ನೋಡಿ. ಆ ಮೈನಸ್ ಟ್ರ್ಯಾಕ್, ಅಂದ್ರೆ ಹಾಡುವ ದನಿ ಬಿಟ್ಟು ವಾದ್ಯ ಮಾತ್ರ ಇರೋದು, ಅದು ಕೂಡ ಯಾರೋ ಮಾಡಿದ ಧ್ವನಿಮುದ್ರಣವೇ. ಮೂರನೇ ಖಾತೆದಾರ ಬಾಗಿಲಿಗೆ ಬಂದ ಹಾಗಾಯ್ತು.

ಇಲ್ಲಿ ಎಲ್ಲರೂ ನೋಟಿಸ್ ಕೊಟ್ಟವರನ್ನ ಬೈತಾ ಇದೀರಿ, ಅವರು ಕೊಡೋ ರೀತಿ ನನಗೂ ಹಿಡಿಸಲ್ಲ. ಆದ್ರೆ ಇನ್ನೊಂದು ಮಗ್ಗುಲು ಹೇಳಲೇಬೇಕು. 2012ಕ್ಕೆ ಮುಂಚೆ ನಾವು ಹಾಡು ಬರೆದ್ರೆ ನಿರ್ಮಾಪಕರ ಆಫೀಸಿನಲ್ಲಿ ಒಂದು ಕಾಗದಕ್ಕೆ ಸಹಿ, ಒಂದು ಕವರು, ಕಾಫಿ, ಮುಗೀತು. ಹಾಡು ಹಿಟ್ಟಾಗಿ ಊರೂರಲ್ಲಿ ಮೊಳಗಿದ್ರೂ ನಮ್ಮ ಪಾಲು ಆ ಕವರು ಮಾತ್ರ. 2012ರ ತಿದ್ದುಪಡಿ ಆದ್ಮೇಲೆ ಗೀತೆ ಬರೆದವರು, ಸಂಗೀತ ಕೊಟ್ಟವರು ತಮ್ಮ ರಾಯಲ್ಟಿ ಪಾಲನ್ನ ನಿರ್ಮಾಪಕರಿಗೆ ಬರೆದುಕೊಡೋ ಹಾಗಿಲ್ಲ, ಕೊಟ್ಟರೂ ಊರ್ಜಿತ ಅಲ್ಲ. ಚಿತ್ರಮಂದಿರದಲ್ಲಿ ಸಿನಿಮಾದ ಭಾಗವಾಗಿ ಕೇಳಿಸೋದು ಬಿಟ್ಟು ಬೇರೆಲ್ಲೇ ಹಾಡು ದುಡಿದ್ರೂ ನಮಗೆ ಸಮಪಾಲು ಬರಬೇಕು. ಅಂದ್ರೆ ನಿಮ್ಮ ಅಂಗಳದ ಬೆಂಕಿ ಮುಂದೆ ಅದು ಮೊಳಗಿದಾಗ ಕೂಡ.

ಎಷ್ಟು ಬರುತ್ತೆ ಅಂತ ಕೇಳಿ. ಕಳೆದ ಸಲ ನನ್ನ ಖಾತೆಗೆ ಬಿದ್ದದ್ದರಲ್ಲಿ ಒಂದು ಸಿಲಿಂಡರ್ ಬರ್ತಿತ್ತು. ವಕೀಲರ ಕಮರ್ಷಿಯಲ್ ಸಿಲಿಂಡರ್ ಅಲ್ಲ, ಮನೇದು. ಮುಂಬೈಯ ದೊಡ್ಡ ಹಾಡುಗಳ ಲೆಕ್ಕ ಸರಿಯಾಗಿ ಹೋಗುತ್ತೆ, ಹಾಸನ ಜಿಲ್ಲೆಯ ಜಾತ್ರೆಯಲ್ಲಿ ಹಾಡಿದ ಹಾಡಿನ ಲೆಕ್ಕ ಕೊಡೋರು ಯಾರು? ಪ್ರೋಗ್ರಾಂ ಮಾಡಿದವರು ಯಾವ ಹಾಡು ಹಾಡಿದ್ವಿ ಅನ್ನೋ ಪಟ್ಟಿ ಕೊಟ್ಟರೆ ತಾನೇ ಬರೆದವರ ಹೆಸರಿಗೆ ಜಮಾ ಆಗೋದು. ಕಟ್ಟೋರೂ ಪಟ್ಟಿ ಕೊಡಲ್ಲ, ಕಟ್ಟದೋರಂತೂ ಬಿಡಿ.

ಬಾಳೆಹೊನ್ನೂರು ಭಾಗವತ
ಸೋಮವಾರ, ಸಂಜೆ 5:55

ಮಾರಾಯ್ರೆ, ಸಿನಿಮಾ ಹಾಡಿನದ್ದಷ್ಟೇ ಗಲಾಟೆ ಅಂತ ತಿಳ್ಕೋಬೇಡಿ. ಯಕ್ಷಗಾನದ್ದೂ ಸುಪ್ರೀಂ ಕೋರ್ಟಿಗೆ ಹೋಗಿ ಬಂದಿದೆ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಅವರ ಉಯಿಲಿನ ಪ್ರಕಾರ ಮಾಲಿನಿ ಮಲ್ಯ ಅವರದ್ದು ಅಂತ ಆಯ್ತು, ಮಣಿಪಾಲದ ಅಕಾಡೆಮಿ ವಿರುದ್ಧದ ಆ ಕೇಸಿನಲ್ಲಿ 2009ರಲ್ಲಿ ತೀರ್ಪು ಬಂತು. ತಡೆಯಾಜ್ಞೆ ಉಳೀತು. ಆದ್ರೆ 52ನೇ ಸೆಕ್ಷನ್ನಿನ ವಿನಾಯಿತಿಗಳು, ಅಂದ್ರೆ ಶಿಕ್ಷಣ ಸಂಸ್ಥೆಯ ಒಳಗಿನ ಪ್ರದರ್ಶನ, ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನದಂಥವು, ಆ ತಡೆಯಾಜ್ಞೆಗೆ ಸಿಗೋದಿಲ್ಲ ಅಂತ ಕೋರ್ಟು ಸ್ಪಷ್ಟ ಮಾಡಿತು. ಪ್ರಸಂಗ ಹಳೇದಾದ್ರೆ ಎಲ್ಲವೂ ಊರಿನ ಸ್ವತ್ತು ಅಂತ ನಾವು ಮೇಳದವರು ಧೈರ್ಯವಾಗಿದ್ವಿ. ಹಾಗಲ್ಲ.

ಕರಿಕೋಟು, ಹಾಸನ
ಸೋಮವಾರ, ರಾತ್ರಿ 8:12

ಭಾಗವತರು ಒಳ್ಳೇ ಕೇಸ್ ನೆನಪಿಸಿದ್ರು. ಗಣಪತಿ ಕಮಿಟಿಯವರ ಪ್ರಶ್ನೆಗೂ ಅಲ್ಲೇ ದಾರಿ ಇದೆ. ಪೂಜೆ, ಭಜನೆ, ವಿಸರ್ಜನೆ ಮೆರವಣಿಗೆ ಇವು ಧಾರ್ಮಿಕ ವಿಧಿಯ ಒಳಗೆ ಬರ್ತವೆ ಅಂತ ನಾನು ವಾದಿಸ್ತೀನಿ. ಮೂರನೇ ದಿನ ರಾತ್ರಿ ರಿಯಲ್ ಎಸ್ಟೇಟ್‌ನವರ ಬ್ಯಾನರ್ ಕಟ್ಟಿ, ಮುಂದಿನ ಸಾಲಿಗೆ ಪಾಸ್ ಮಾರಿ ನಡೆಸೋ ರಸಮಂಜರಿಯನ್ನ ಅದೇ ಧೈರ್ಯದಿಂದ ವಾದಿಸಲ್ಲ. ಊರ ಹುಡುಗರೇ ಸಂಘ ಕಟ್ಟಿಕೊಂಡು ಟಿಕೆಟ್ ಇಲ್ಲದೆ ಹಾಡಿದ್ರೆ ಹವ್ಯಾಸಿ ಸಂಘದ ವಿನಾಯಿತಿ ಇದೆ. ಸೂಕ್ಷ್ಮ ಏನಂದ್ರೆ ಆ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಯನ್ನ ಪ್ರದರ್ಶಿಸೋದಕ್ಕೆ. ಧ್ವನಿಮುದ್ರಣದ ಹೆಸರು ಅಲ್ಲಿಲ್ಲ. ಹಾಡಿದ್ರೆ ಸರಿ, ಡಿಜೆ ಬಾಕ್ಸಿನಲ್ಲಿ ಹಾಕಿದ್ರೆ ಅದರ ರಕ್ಷಣೆ ಇಲ್ಲ. ತಾಲ್ಲೂಕು ಆಡಳಿತದ ರಾಜ್ಯೋತ್ಸವಕ್ಕೆ ಲೈಸೆನ್ಸ್ ಬೇಡ, ಆಟೋ ಸ್ಟ್ಯಾಂಡಿನ ರಾಜ್ಯೋತ್ಸವ ಸರ್ಕಾರದ ಸಮಾರಂಭ ಅಲ್ಲ. ನಗಬೇಡಿ, ನಿಜ.

ಬೇಕರಿ ಹುಡುಗ
ಸೋಮವಾರ, ರಾತ್ರಿ 8:40

ಹಾಸನದಲ್ಲಿ ನಮ್ದು ಬೇಕರಿ, ಎಂಟಡಿ ಅಗಲ. ಬೆಳಿಗ್ಗೆಯಿಂದ ಆಕಾಶವಾಣಿ ಹಚ್ಚಿರ್ತೀವಿ. ರೇಡಿಯೋದವರು ದುಡ್ಡು ಕಟ್ಟಿರ್ತಾರಲ್ಲ?

ಕರಿಕೋಟು, ಹಾಸನ
ಸೋಮವಾರ, ರಾತ್ರಿ 8:51

ಅವರು ಕಟ್ಟೋದು ಪ್ರಸಾರಕ್ಕೆ. ನೀವು ಅದನ್ನ ಗಿರಾಕಿಗಳಿಗೆ ಕೇಳಿಸೋದು ಬೇರೆ ಅಂತಾರೆ ಹಕ್ಕುದಾರರು. ಅಂಗಡಿ ಸಣ್ಣದು ಅಂತ ನಮ್ಮ ಕಾಯ್ದೆಯಲ್ಲಿ ವಿನಾಯಿತಿ ಬರೆದಿಲ್ಲ. ಎಂಟಡಿ ಬೇಕರಿಗೆ ಯಾರೂ ರಹಸ್ಯವಾಗಿ ಬಂದು ಬನ್ನು ತಿಂದು ವಿಡಿಯೋ ಮಾಡಿದ್ದು ನಾನಂತೂ ಕೇಳಿಲ್ಲ. ವಾಲ್ಯೂಮು ನಿಮ್ಮ ಕಿವಿಗೆ ಕೇಳೋಷ್ಟಿರಲಿ.

ಕೈಮರದ ಕಾಫಿಗಿಡ
ಸೋಮವಾರ, ರಾತ್ರಿ 9:15

ಎಲ್ಲಾ ಓದಿದೆ. ತಲೆ ಗಿರ್ ಅಂತಿದೆ. ಈಗ ನನಗೆ ಬಂದ ನೋಟಿಸ್ ಈ ಐಪಿಆರ್‌ಎಸ್‌ನದ್ದಲ್ಲ, ಬೇರೆ ಕಂಪನಿಯದ್ದು. ಒಬ್ಬರಿಗೆ ಕಟ್ಟಿದ್ರೆ ಎಲ್ಲರಿಗೂ ಕಟ್ಟಿದ ಹಾಗಾ?

ಕರಿಕೋಟು, ಹಾಸನ
ಸೋಮವಾರ, ರಾತ್ರಿ 9:58

ಇಲ್ಲ, ಕಗ್ಗಂಟು ಇರೋದೇ ಇಲ್ಲಿ. ಸಾಹಿತ್ಯ ಮತ್ತು ರಾಗಕ್ಕೆ ಐಪಿಆರ್‌ಎಸ್ ಒಂದಿದೆ. ಧ್ವನಿಮುದ್ರಣಕ್ಕೆ ಬಂದ್ರೆ 1941ರಿಂದ ಇರೋ ಪಿಪಿಎಲ್ ಒಂದು ಕಡೆ, ನೋವೆಕ್ಸ್ ಇನ್ನೊಂದು ಕಡೆ, 2021ರಲ್ಲಿ ಕಾಪಿರೈಟ್ ಸೊಸೈಟಿ (ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಟ್ಟು ದುಡ್ಡು ವಸೂಲಿ ಮಾಡೋ ಸಂಸ್ಥೆ) ಅಂತ ನೋಂದಣಿ ಪಡೆದ ಆರ್‌ಎಂಪಿಎಲ್ ಮತ್ತೊಂದು ಕಡೆ. ಒಬ್ಬೊಬ್ಬರ ಹತ್ತಿರ ಒಂದೊಂದು ಕಂಪನಿಗಳ ಹಾಡು. ಇವರಲ್ಲಿ ಪಿಪಿಎಲ್, ನೋವೆಕ್ಸ್ ಇವತ್ತು ನೋಂದಾಯಿತ ಸೊಸೈಟಿಗಳಲ್ಲ, ಹಾಡುಗಳ ಹಕ್ಕನ್ನ ನಮ್ಮ ಹೆಸರಿಗೆ ಬರೆಸಿಕೊಂಡಿದ್ದೀವಿ, ನಾವೇ ಮಾಲೀಕರು ಅಂತ ಲೈಸೆನ್ಸ್ ಕೊಡ್ತಾರೆ. ಹಾಗೆ ಕೊಡಬಹುದಾ? ಕಾಯ್ದೆಯ 33ನೇ ಸೆಕ್ಷನ್ ಲೈಸೆನ್ಸ್ ಕೊಡೋ ವ್ಯವಹಾರಕ್ಕೆ ನೋಂದಣಿ ಬೇಕು ಅನ್ನುತ್ತೆ, ಅದರ ಬೆನ್ನಿಗೇ ಮಾಲೀಕ ತನ್ನ ಕೃತಿಗೆ ತಾನೇ ಕೊಡಬಹುದು ಅಂತಲೂ ಅನ್ನುತ್ತೆ. 2021ರಲ್ಲಿ ಮದ್ರಾಸ್ ಹೈಕೋರ್ಟು ನೋಂದಣಿ ಇಲ್ಲದೆ ಆಗಲ್ಲ ಅಂತು. 2024ರಲ್ಲಿ ಬಾಂಬೆ ಹೈಕೋರ್ಟು ಆಗುತ್ತೆ ಅಂತು. 2025ರ ಏಪ್ರಿಲ್‌ನಲ್ಲಿ ದೆಹಲಿಯ ದ್ವಿಸದಸ್ಯ ಪೀಠ ಮತ್ತೆ ಆಗಲ್ಲ ಅಂತು, ಆ ಆದೇಶದ ಒಂದು ಭಾಗಕ್ಕೆ ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಮೂರು ಹೈಕೋರ್ಟು ಎರಡು ದಿಕ್ಕಿಗೆ ಎಳೀತಿರೋವಾಗ ನಾಲ್ಕು ರೂಮಿನ ಹೋಂಸ್ಟೇಯವರು ಏನು ಮಾಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆ.

ನಾನಾದ್ರೆ ಫೋನಿನಲ್ಲಿ ಮಾತಾಡಲ್ಲ. ಇಮೇಲಿಗೆ ಇಮೇಲ್‌ನಲ್ಲೇ ಉತ್ತರ. ನೀವು ಹೇಳಿದ 9 ಹಾಡುಗಳ ಹಕ್ಕು ನಿಮಗೆ ಬಂದದ್ದಕ್ಕೆ ಹಸ್ತಾಂತರ ಪತ್ರದ ಪ್ರತಿ ಕೊಡಿ, ದರಪಟ್ಟಿ ಕೊಡಿ, ನಮ್ಮದು ಯಾವ ವರ್ಗಕ್ಕೆ ಬರುತ್ತೆ, ಎಷ್ಟು ರೂಮು ಅಂತ ಲೆಕ್ಕ ಹಾಕಿದ್ದೀರಿ ತೋರಿಸಿ, ನೋಂದಾಯಿತ ಸೊಸೈಟಿಯೋ ಮಾಲೀಕರೋ ತಿಳಿಸಿ ಅಂತ. ಆ ಉತ್ತರ ಬರೋವರೆಗೆ ಅಂಗಳದಲ್ಲಿ ಬಾಕ್ಸ್ ಬೇಡ. ದುಡ್ಡು ಕೊಟ್ಟರೂ ವೈಯಕ್ತಿಕ ಯುಪಿಐಗೆ ಬೇಡ, ಕಂಪನಿಯ ಖಾತೆಗೆ, ಇನ್‌ವಾಯ್ಸ್ ಮೇಲೆ.

ಎಫ್‌ಐಆರ್ ಬೆದರಿಕೆ ಪೂರ್ತಿ ಪೊಳ್ಳಲ್ಲ. 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಮಾಡಿದ್ರೆ 6 ತಿಂಗಳಿಂದ 3 ವರ್ಷ, ದಂಡ 50 ಸಾವಿರದಿಂದ 2 ಲಕ್ಷ. ಅದು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗೆಯೇ 60ನೇ ಸೆಕ್ಷನ್ ಅಂತ ಒಂದಿದೆ, ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕಿದವರ ಮೇಲೆ ನೀವೂ ದಾವೆ ಹೂಡಬಹುದು. ಪತ್ರದ ಕೊನೆಯಲ್ಲಿ ಅದನ್ನೊಂದು ಸಾಲು ನೆನಪಿಸಿ, ಭಾಷೆ ಮೆತ್ತಗಾಗುತ್ತೆ.

ಬೂವನಹಳ್ಳಿ ಬುಲೆಟ್
ಸೋಮವಾರ, ರಾತ್ರಿ 10:30

ವಕೀಲರೇ, ಮೊದಲು ಜೋರಾಗಿ ಮಾತಾಡಿದ್ದು ನಾನೇ. ಈಗ ಕೇಳ್ತೀನಿ, ನಮ್ ಭಾವ ಒಂದು ಜಿಮ್ ಇಟ್ಟಿದಾರೆ. ಬೆಳಿಗ್ಗೆ ಐದೂವರೆಯಿಂದ ಪಂಜಾಬಿ ಹಾಡು ಕಿತ್ಕೊಂಡು ಬರ್ತಿರುತ್ತೆ. ಅದೂ ಕಮರ್ಷಿಯಲ್ ಸಿಲಿಂಡರಾ?

ಕರಿಕೋಟು, ಹಾಸನ
ಸೋಮವಾರ, ರಾತ್ರಿ 10:34

19 ಕೆಜಿದು.

ಘಾಟಿ ಸೌಂಡು
ಮಂಗಳವಾರ, ಬೆಳಿಗ್ಗೆ 8:20

ಅಕ್ಕ, ಇನ್ನೊಂದು. ನಿಮ್ಮ ಹೋಂಸ್ಟೇ ಪೇಜಲ್ಲಿ ರೀಲ್ಸ್ ಹಾಕ್ತೀರಲ್ಲ, ಮಂಜು, ಕಾಫಿ ಹೂವು, ಹಿಂದೆ ಸಿನಿಮಾ ಹಾಡು. ಅದಕ್ಕೆ ಈ ಲೈಸೆನ್ಸ್ ಯಾವುದೂ ನಡೆಯಲ್ಲ, ದೃಶ್ಯಕ್ಕೆ ಹಾಡು ಅಂಟಿಸೋದಕ್ಕೆ ಪರ್ಮಿಷನ್ ಬೇರೆ. 2022ರ ನವೆಂಬರಿನಲ್ಲಿ ಒಂದು ರಾಷ್ಟ್ರೀಯ ಪಕ್ಷ ಯಾತ್ರೆಯ ವಿಡಿಯೋಗೆ ಕನ್ನಡ ಸಿನಿಮಾ ಹಾಡು ಹಾಕಿದ್ದಕ್ಕೆ ಬೆಂಗಳೂರಿನ ಕೋರ್ಟು ಅವರ ಟ್ವಿಟರ್ ಖಾತೆಯನ್ನೇ ತಡೆಹಿಡೀರಿ ಅಂದಿತ್ತು. ವಿಡಿಯೋ ತೆಗೀತೀವಿ ಅಂದ್ಮೇಲೆ ಹೈಕೋರ್ಟಲ್ಲಿ ಬಿಡುಗಡೆ ಸಿಕ್ತು. ಅಷ್ಟು ದೊಡ್ಡ ಪಕ್ಷದ ಪಾಡೇ ಹಾಗಾದ್ರೆ ನಮ್ಮದೇನು.

ಕೈಮರದ ಕಾಫಿಗಿಡ
ಎರಡು ವಾರದ ನಂತರ, ಗುರುವಾರ, ರಾತ್ರಿ 9:30

ಏನಾಯ್ತು ಅಂತ ಕೆಲವರು ಕೇಳಿದ್ರಿ.

ವಕೀಲರು ಹೇಳಿದ ಹಾಗೆ ಇಮೇಲ್ ಕಳಿಸಿದೆ. ಮಗಳು ಟೈಪ್ ಮಾಡಿದ್ಲು. ಐದು ದಿನ ಸದ್ದಿಲ್ಲ. ಆಮೇಲೆ ಬೇರೆ ಧಾಟಿಯ ಉತ್ತರ ಬಂತು, "ಪ್ರಿಯ ಗ್ರಾಹಕರೇ" ಅಂತ. ನಾವು 30 ರೂಮಿನ ರೆಸಾರ್ಟು ಅಂತ ಅವರ ಪುಸ್ತಕದಲ್ಲಿ ಬರೆದಿತ್ತಂತೆ. ನಮ್ಮ ಹೆಸರೇ ಇಟ್ಕೊಂಡಿರೋ ಇನ್ನೊಂದು ಜಾಗ ಮೂಡಿಗೆರೆ ಕಡೆ ಇದೆ, ಅದನ್ನೂ ಇದನ್ನೂ ಕಲಸಿದ್ದಾರೆ. 9 ಹಾಡಿನಲ್ಲಿ 6ಕ್ಕೆ ಕಾಗದ ತೋರಿಸಿದ್ರು. ಉಳಿದ 3 ತಮ್ಮದಲ್ಲ ಅಂತ ಒಪ್ಕೊಂಡ್ರು. ಹೊಸ ಮೊತ್ತ ಮೊದಲಿನ ಕಾಲು ಭಾಗಕ್ಕಿಂತ ಕಡಿಮೆ. ಫೋನ್ ಮಾಡಿದ್ದವರ ಬಗ್ಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಇಲ್ಲ.

ಯಜಮಾನರು ಕಟ್ಟಿಬಿಡೋಣ ಅಂದ್ರು. ನಾನು ಲೆಕ್ಕ ಹಾಕಿದೆ. ಇವರಿಗೆ ಕಟ್ಟಿದ್ರೆ ಆ 3 ಹಾಡಿನವರು ನಾಳೆ ಬರ್ತಾರೆ, ಸಾಹಿತ್ಯದವರಿಗೆ ಬೇರೆ. ಹಾಗಾಗಿ ವರ್ಷದ್ದು ಬೇಡ, ಬಾಕ್ಸನ್ನ ಅಟ್ಟಕ್ಕೆ ಹಾಕಿದ್ವಿ, ರೂಮಿನ ಬಾಗಿಲ ಹಿಂದೆ ಚೀಟಿ ಅಂಟಿಸಿದ್ವಿ. ಮೊದಲ ಶನಿವಾರವೇ ಬೆಂಗಳೂರಿನ ಹುಡುಗರು "ಬೋರಿಂಗ್, ನೋ ಮ್ಯೂಸಿಕ್" ಅಂತ ಮೂರು ಸ್ಟಾರ್ ಕೊಟ್ಟು ಹೋದ್ರು. ಎರಡನೇ ಶನಿವಾರ ಬಂದ ಕುಟುಂಬದವರು ಕಪ್ಪೆ ಕೂಗು ಕೇಳ್ಕೊಂಡು ಕೂತಿದ್ರು, ಐದು ಸ್ಟಾರ್. ಹಳೇ ಬಾಕಿಗೆ ಆ 6 ಹಾಡಿನ ಲೆಕ್ಕ ಒಂದು ದಿನದ ದರದಲ್ಲಿ ಚುಕ್ತಾ ಮಾಡಿ ರಸೀದಿ ತಗೊಂಡಿದ್ದೀನಿ.

ಉಳಿದದ್ದು ಡಿಸೆಂಬರ್ 31. ಅವತ್ತು ಸುಮ್ನೆ ಕೂರಿಸೋಕೆ ಆಗಲ್ಲ. ಅವತ್ತಿಗೆ ಮಾತ್ರ ಲೈಸೆನ್ಸ್ ತಗೊಂಡು ಹಾಡೋರನ್ನೇ ಕರೆಸೋಣ ಅಂತ. ಕೀಬೋರ್ಡಣ್ಣ, ಬರ್ತೀರಾ?

ಕೀಬೋರ್ಡು ಅರಸೀಕೆರೆ
ಗುರುವಾರ, ರಾತ್ರಿ 9:52

ಬರ್ತೀನಿ ಅಕ್ಕ. ಕರೆಂಟ್ ಹೋದ್ರೆ ಜನರೇಟರ್ ಇದೆಯಾ? ಮೂರು ಜನ, ಊಟ ನಿಮ್ಮದು. ಕಡುಬು ಇದ್ದರೆ ರೇಟಲ್ಲಿ ನೋಡೋಣ.

ಕೈಮರದ ಕಾಫಿಗಿಡ
ಗುರುವಾರ, ರಾತ್ರಿ 9:58

ಜನರೇಟರ್ ಇದೆ. ಮೂರು ಜನ ಬೇಡ, ಟ್ರ್ಯಾಕೂ ಬೇಡ. ತಬಲಾದವರನ್ನ, ಕೊಳಲಿನವರನ್ನ ಕರ್ಕೊಂಡು ಐದು ಜನ ಬನ್ನಿ. ಹಾಡಿನ ಪಟ್ಟಿ ಮಾತ್ರ ಒಂದು ವಾರ ಮುಂಚೆ ಕಳಿಸಿ, ಬರೆದವರ ಹೆಸರು ಸಮೇತ.

ಪಲ್ಲವಿ ಚರಣ, ಬೇಲೂರು
ಗುರುವಾರ, ರಾತ್ರಿ 10:20

ಪಟ್ಟಿ ಕಳಿಸೋಕೆ ಮುಂಚೆ ನನಗೊಂದು ಸಲ ತೋರಿಸಿ ಅಣ್ಣ. ಹೋದ ಸಲ ಒಂದು ತಂಡದವರು ನನ್ನ ಹಾಡಿನ ಮುಂದೆ "ಜಾನಪದ" ಅಂತ ಬರೆದಿದ್ರು.